ಒಕೆಲ್ಲೊ ಅಂಕಲ್ ಬಿಡಿಸಿದ ತಾಳೆಮರ

“ಅಂಕಲ್, ಇದು ಅಬುಧಾಬಿ ಅಲ್ಲ, ಆಫ್ರಿಕಾ. ಅಲ್ಲೆಲ್ಲಿ ತಾಳೆಮರ?” ಎಂದಳು ಸಮೀಕ್ಷಾ. ಪಕ್ಕದಲ್ಲಿದ್ದ ಗೆಳತಿ ಬ್ರೆಂಡಾ ಕಿಸಕ್ಕನೆ ನಕ್ಕಳು.

ಅಬುಧಾಬಿಯ ರೀಮ್ ಐಲ್ಯಾಂಡಿನ ಅವರ ಬಿಲ್ಡಿಂಗಿನ ಸೆಕ್ಯುರಿಟಿ ಮೇಜಿನ ಮೇಲೆ ಸಮೀಕ್ಷಾಳ ಚಾರ್ಟ್ ಹರಡಿಕೊಂಡಿತ್ತು. ಉಗಾಂಡಾದ ಮರ್ಚಿಸನ್ ಫಾಲ್ಸ್ ನ್ಯಾಷನಲ್ ಪಾರ್ಕ್ ಅವಳ ಸ್ಕೂಲ್ ಪ್ರಾಜೆಕ್ಟ್. ನೈಲ್ ನದಿ, ಅದರಲ್ಲಿ ನೀರುಕುದುರೆ, ದಡದ ಹುಲ್ಲಿನಲ್ಲಿ ಆನೆ, ಜಿರಾಫೆ ಎಲ್ಲ ಇದ್ದವು.

ಸೆಕ್ಯುರಿಟಿ ಒಕೆಲ್ಲೊ ಅಂಕಲ್ ಊರು ಆ ಪಾರ್ಕಿನ ಮಗ್ಗುಲಲ್ಲೇ. ಚಾರ್ಟ್ ಕಂಡದ್ದೇ ಅವರ ಮುಖ ಅರಳಿತ್ತು. ಅವಳ ಪೆನ್ಸಿಲನ್ನೇ ತೆಗೆದುಕೊಂಡು ಜಿರಾಫೆಗಳ ನಡುವೆ ಮೂರು ತಾಳೆಮರ ಬಿಡಿಸಿಬಿಟ್ಟಿದ್ದರು. ಆನೆಗಳಿಗೆ ತಾಳೆಹಣ್ಣೆಂದರೆ ಪ್ರಾಣವಂತೆ. ತಿಂದು, ಹೋದಲ್ಲೆಲ್ಲ ಲದ್ದಿ ಹಾಕುತ್ತವಂತೆ. ಅದರೊಳಗಿನ ಬೀಜವೇ ಮೊಳೆತು ಮರವಾಗುತ್ತದಂತೆ.

ಸಮೀಕ್ಷಾಳಿಗೆ ತಾಳೆಮರ ಗೊತ್ತಿಲ್ಲವೇ? ಉಡುಪಿಯಲ್ಲಿ ಅಜ್ಜಿ ಮನೆಯ ರಸ್ತೆಯಲ್ಲೇ ಇದೆ. ಆನೆ, ಜಿರಾಫೆ ಇರುವಲ್ಲಿ ಅದಕ್ಕೇನು ಕೆಲಸ? ಅಂಕಲ್ ಬುರುಡೆ ಬಿಡುತ್ತಿದ್ದಾರೆ ಅನ್ನಿಸಿತು. ಅವರ ಎದುರಿಗೇ ರಬ್ಬರ್ ತೆಗೆದು ಮೂರೂ ಮರಗಳನ್ನು ಉಜ್ಜಿ ಹಾಕಿದಳು.

ಒಕೆಲ್ಲೊ ಅಂಕಲ್ ರಬ್ಬರಿನ ಪುಡಿಯನ್ನು ಕೈಯಿಂದ ಗುಡಿಸಿ, ಮಕ್ಕಳಿಗೆ ಲಿಫ್ಟಿನ ಬಟನ್ ಒತ್ತಿ ಕೊಟ್ಟರು.

ಸೋಮವಾರ ಕ್ಲಾಸಿನಲ್ಲಿ ಬೆಟ್ಟಿ ಮಿಸ್ ಆ ಪಾರ್ಕಿನ ವೀಡಿಯೊ ಹಾಕಿದರು. ಹುಲ್ಲುಗಾವಲಿನ ತುಂಬ ತಾಳೆಮರಗಳು. ಅವುಗಳ ನಡುವೆ ಜಿರಾಫೆಗಳು ಆರಾಮವಾಗಿ ಓಡಾಡುತ್ತಿದ್ದವು. ಸಮೀಕ್ಷಾಳ ಕಿವಿ ಬಿಸಿಯಾಯಿತು. ಬ್ರೆಂಡಾ ತಲೆ ತಗ್ಗಿಸಿ ಬೆಂಚು ಕೆರೆಯುತ್ತಾ ಕೂತಳು.

ಸ್ಕೂಲ್ ಬಸ್ಸಿನಿಂದ ಇಳಿದವಳೇ ಸಮೀಕ್ಷಾ ಸೆಕ್ಯುರಿಟಿ ಮೇಜಿಗೆ ಓಡಿದಳು. ಅಲ್ಲಿ ಬೇರೆ ಯಾರೋ ಕೂತಿದ್ದರು. ಹೆಸರು ಶಹೀರ್, ಮಂಗಳೂರಿನವರು. ಒಕೆಲ್ಲೊನನ್ನು ಕಂಪನಿಯವರು ದೂರದ ಅಲ್ ಐನ್ ಕಡೆ ಹಾಕಿದ್ದಾರೆ, ಸೆಕ್ಯುರಿಟಿಯವರ ಡ್ಯೂಟಿಯೇ ಹಾಗೆ, ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಎಂದರು. ಅವಳ ಮುಖ ಸಪ್ಪಗಾದದ್ದು ಕಂಡು, ಎಲ್ಲಾದರೂ ಸಿಕ್ಕಿದರೆ ಏನು ಹೇಳಲಿ ಎಂದು ಕೇಳಿದರು.

“ಅವರ ಊರಿನ ಪಾರ್ಕಲ್ಲಿ ತಾಳೆಮರ ಉಂಟು ಅಂತ ಹೇಳಿ ಅಂಕಲ್. ನಾನು ವೀಡಿಯೊದಲ್ಲಿ ನೋಡಿದೆ.”

ಶಹೀರ್‌ಗೆ ತಲೆಬುಡ ತಿಳಿಯಲಿಲ್ಲ. “ಅದು ಅವನ ಊರೇ ಅಲ್ವಾ ಮಗ? ಅವನಿಗೆ ಗೊತ್ತಿಲ್ವಾ ಅದು?”

ಹೌದು, ಅವರಿಗೆ ಮೊದಲೇ ಗೊತ್ತಿತ್ತು. ಸಮೀಕ್ಷಾ ಬ್ಯಾಗಿನ ಪಟ್ಟಿ ಹಿಡಿದು ಲಿಫ್ಟಿನ ಕಡೆ ತಿರುಗಿದಳು. ಮರ ಉಜ್ಜಿ ಹಾಕಿದ್ದಕ್ಕೆ ಅವರಿಗೆ ಹೇಳಬೇಕಾದ ಮಾತು ಬೇರೆಯೇ ಇತ್ತು. ಅದು ಇನ್ನೊಬ್ಬರ ಹತ್ತಿರ ಹೇಳಿ ಕಳಿಸುವಂಥದ್ದಾಗಿರಲಿಲ್ಲ.