ವೆಂಕಟಗಿರಿಯವರ ತಂತಿ

ರಾಜಾಜಿನಗರದ ವೆಂಕಟಗಿರಿಯವರು ನನಗೆ ಹ್ಯಾಮ್ ರೇಡಿಯೋ ಕಲಿಸಿದವರು. ಅವರು ಉಬ್ಬಸದಿಂದ ತೀರಿಕೊಂಡ ತಿಂಗಳಿಗೆ ಹೆಂಡತಿ ಸತ್ಯವತಮ್ಮ ಫೋನ್ ಮಾಡಿ, “ಆ ಆಂಟೆನಾ ಇಳಿಸ್ಕೊಡಪ್ಪ ಮಧ್ವೇಶ. ಕಣ್ಣಿಗೆ ಬಿದ್ರೆ ಸಂಕಟ ಆಗುತ್ತೆ” ಎಂದರು.

ಮಟಮಟ ಮಧ್ಯಾಹ್ನ ಹೋದೆ. ಆಂಟೆನಾ ಎಂದರೆ ತಾರಸಿಯಿಂದ ಹಿತ್ತಲಿನ ತೆಂಗಿನ ಮರಕ್ಕೆ ಎಳೆದ ಒಂದು ತಂತಿ. ಅದರ ತುದಿಗೆ ಕಟ್ಟಿದ ಹಗ್ಗ ಮರದ ಮೇಲಿನ ರಾಟೆಯನ್ನು ಹಾದು ಕೆಳಗಿಳಿದು, ಬುಡದ ಗೂಟಕ್ಕೆ ಬಿಗಿದಿತ್ತು.

ಗಂಟು ಬಿಚ್ಚಿ ಸಡಿಲಿಸಿದೆ. ತಂತಿಯ ಭಾರಕ್ಕೆ ಹಗ್ಗ ಮೇಲೇರಬೇಕಿತ್ತು. ಅದು ನನ್ನ ಅಂಗೈಯೊಳಗಿಂದ ಕೆಳಕ್ಕೆ ಜಾರತೊಡಗಿತು. ಅಷ್ಟು ಬಿಸಿಲಿನಲ್ಲೂ ಹಗ್ಗ ತಣ್ಣಗೆ ಕೊರೆಯುತ್ತಿತ್ತು. ನನ್ನ ಕಾಲ ಬಳಿ ಯಾರೋ ಕೂತು ಎಳೆಯುತ್ತಿದ್ದ ಹಾಗೆ ಎರಡು ಸಲ ಜಗ್ಗು, ಆಮೇಲೆ ಕೊಂಚ ಬಿಡುವು. ಮತ್ತೆ ಎರಡು ಸಲ ಜಗ್ಗು.

“ಅವರೂ ಹಗ್ಗಾನ ಹಾಗೇ ಎಳೀತಿದ್ರು. ಉಸಿರು ಸಾಲ್ತಿರ್ಲಿಲ್ಲ,” ಎಂದರು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಸತ್ಯವತಮ್ಮ. ಒಳಗಿಂದ ಚಾಕು ತಂದು ನನ್ನ ಕೈಗಿಟ್ಟು, “ಕತ್ತರಿಸ್ಬಿಡು. ಪಾಪ, ಸಾಕು ಅವರಿಗೆ,” ಎಂದರು.

ಕತ್ತರಿಸಿದೆ. ಮೇಲಿನ ತುಂಡು ನನ್ನ ಎದೆಮಟ್ಟದಲ್ಲಿ ಸುಮ್ಮನೆ ನೇತಾಡಿತು.

ಇವತ್ತಿಗೆ ಹನ್ನೊಂದು ದಿನ. ಆ ತುದಿಯನ್ನು ಯಾರೂ ಹಿಡಿದುಕೊಂಡಿಲ್ಲ. ತಂತಿ ಇನ್ನೂ ಬಿಗಿಯಾಗಿಯೇ ಇದೆ.