ಕಾರ್ಡಿನ ಮೇಲಿನ ಕೆಂಪು ಚುಕ್ಕಿ

"ನನ್ನ ಕಾರ್ಡಿಗೆ ಈ ಕೆಂಪು ಚುಕ್ಕಿ ಅಂಟಿಸಿದ್ದು ಯಾರು?"

"ನಾನೇ," ಎಂದ ಹೊಸ ಟೀಮ್ ಲೀಡ್, ಮೆಲ್ಲಗೆ.

ಕೇಳಿದವಳು ಗೋಡೆಯತ್ತ ತಿರುಗಿದಳು. ಆಫೀಸಿನ ಗೋಡೆಯ ಮೇಲೆ ಎಲ್ಲರ ಕೆಲಸವೂ ಕಾರ್ಡುಗಳಾಗಿ ಕೂತಿತ್ತು: ಮಾಡಬೇಕಾದ್ದು, ನಡೆಯುತ್ತಿರುವುದು, ಮುಗಿದದ್ದು. ಎಲ್ಲರ ಕೆಲಸವೂ ಎಲ್ಲರಿಗೂ ಕಾಣಲಿ ಎಂದು ಅವನೇ ಮಾಡಿದ ಏರ್ಪಾಡು. ಅದಕ್ಕೇ ಅವನಿಗೆ 'ಗೋಡೆ ಸಾಹೇಬ್ರು' ಎಂಬ ಹೆಸರು. ಸಾಫ್ಟ್‌ವೇರಿನ ತಪ್ಪು ಹುಡುಕುವ ಟೆಸ್ಟರ್ ಆಗಿದ್ದ ಅವಳ ಕಾರ್ಡು ಮಾತ್ರ ನಡುವಿನ ಸಾಲು ಬಿಟ್ಟು ಕದಲುತ್ತಿರಲಿಲ್ಲ.

ಹಳೆಯ ಕಂಪನಿಯಲ್ಲಿ ಕೆಂಪು ಚುಕ್ಕಿ ಬಿದ್ದವರ ಕೆಲಸ ಹೋಗುತ್ತಿತ್ತು. ಅಮ್ಮ ಹಾಸಿಗೆ ಹಿಡಿದಿದ್ದಾಳೆ... ಈ ಕೆಲಸವೂ ಹೋದರೆ?

ಮತ್ತೇನೂ ಕೇಳದೆ ಚುಕ್ಕಿ ಕಿತ್ತಳು. ಮರುದಿನ ಮತ್ತೆ ಅಂಟಿತ್ತು. ಮತ್ತೆ ಕಿತ್ತಳು. ಆಮೇಲೆ ಅವನು ಅಂಟಿಸಲಿಲ್ಲ.

ಅವಳ ಮೇಜಿನ ಮೇಲೆ ಮಾತ್ರ ದಿನವೂ ಯಾರೋ ಇಟ್ಟ ಬಿಸಿ ಚಹಾ ಇರುತ್ತಿತ್ತು.

ಒಂದು ಸಂಜೆ ದೊಡ್ಡಮ್ಮನ ಫೋನು. "ಬೇಗ ಬಾರೇ, ನಿಮ್ಮಮ್ಮ ಬಾಗಿಲೇ ನೋಡ್ತಾ ಮಲಗಿದ್ದಾಳೆ."

"ಇದೊಂದು ಮುಗಿಸಿ ಬಂದುಬಿಡ್ತೀನಿ, ದೊಡ್ಡಮ್ಮ!"

ಕಾರ್ಡು ಕೊನೆಯ ಸಾಲಿಗೆ ಹೋಯಿತು. ಅವಳು ಮನೆ ಮುಟ್ಟುವಷ್ಟರಲ್ಲಿ ಅಮ್ಮನ ಕೈ ತಣ್ಣಗಾಗಿತ್ತು.

ರಜೆ ಮುಗಿಸಿ ಬಂದವಳು ನೇರ ಅವನೆದುರು ನಿಂತಳು.

"ಕೆಲಸ ಬಿಡ್ತಿದ್ದೀನಿ. ನಿಮ್ಮ ಚುಕ್ಕಿಗೆ ಹೆದರಿ ಅಮ್ಮನ ಕೊನೇ ಗಳಿಗೇಲಿ ಇಲ್ಲೇ ಕೂತಿದ್ದೆ!"

ಅವನ ಮುಖ ಬಿಳಿಚಿತು. "ಹೆದರಿನಾ? ಅಯ್ಯೋ... ಚುಕ್ಕಿ ಅಂದ್ರೆ ಇವರ ಕೆಲಸ ಸಿಕ್ಕಿಹಾಕ್ಕೊಂಡಿದೆ, ಯಾರಾದ್ರೂ ಹೋಗಿ ಹೆಗಲು ಕೊಡಿ ಅಂತ! ಸಿಕ್ಕು ಬಿಡಿಸಿದವರೇ ಆಮೇಲೆ ಚುಕ್ಕಿ ತೆಗೀಬೇಕು. ಇದನ್ನ ಎಲ್ಲರಿಗೂ ಹೇಳಿದ ದಿನ ನೀವು ಅಮ್ಮನ ಜೊತೆ ಆಸ್ಪತ್ರೇಲಿದ್ರಿ. ನೀವು ಕಿತ್ತುಹಾಕಿದ್ರಿ... ನನ್ನ ಸಹಾಯ ಬೇಡ ಅಂದ್ಕೊಂಡೆ."

ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ನನ್ನ ಉಗುರಿನಿಂದಲೇ ಕಿತ್ತೆನಲ್ಲ...

"ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು. ತಪ್ಪು ನಂದೇ. ನೀವಂದ್ರೆ ಇಷ್ಟ... ಎದುರಿಗೆ ಬಂದ್ರೆ ಬಾಯೇ ಕಟ್ಟುತ್ತೆ. ಚಹಾ ಇಡೋದು ಬಿಟ್ಟು ಏನೂ ತೋಚಲಿಲ್ಲ."

ಸತ್ತವರನ್ನು ಯಾವ ಮಾತು ತಾನೇ ವಾಪಸು ತರುತ್ತದೆ?

ಕೊನೆಗೆ ಅವಳು ಗೋಡೆಯ ಬಳಿ ಹೋಗಿ, ಅಲ್ಲಿದ್ದ ಚುಕ್ಕಿಗಳ ಹಾಳೆಯಿಂದ ಒಂದು ಕೆಂಪು ಚುಕ್ಕಿ ಬಿಡಿಸಿ ತನ್ನ ತೋಳಿಗೇ ಅಂಟಿಸಿಕೊಂಡಳು.

ಅವನ ಕಣ್ಣು ತುಂಬಿತು. "ಈ ಸಲ ಕಿತ್ತುಹಾಕಲ್ಲ ತಾನೇ?"

"ಇಲ್ಲ... ನೀವೇ ತೆಗೀಬೇಕು. ಅವಸರ ಏನಿಲ್ಲ."