ದಾರಿಗಡ್ಡ ಒಂದು ರಸ್ಕ್

"ಅಲ್ಲೊಂದು ಬಂಡೆ ಇದೆ," ಎಂದು ಬೇಕರಿಯವನು ಆಟದ ಬೋರ್ಡಿನ ಮೇಲೆ ಇನ್ನೊಂದು ರಸ್ಕ್ ಇಟ್ಟ.

ಎದುರು ಕೂತಿದ್ದ ಹಲ್ಲಿನ ಡಾಕ್ಟರ್ ತಲೆಯೆತ್ತಿ ಅವನನ್ನೇ ನೋಡಿದಳು. ಆ ನೋಟಕ್ಕೆ ಅವನ ಕಿವಿ ಒಲೆಯ ಮುಂದೆ ನಿಂತಂತೆ ಬಿಸಿಯಾಯಿತು.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಮಹಡಿಯಲ್ಲಿ ದಾಳ ಹಾಕಿ ಕಥೆ ನಡೆಸುವ ಮೂವರ ಆಟ. ಕಥೆ ಹೇಳುವುದು, ರಾಕ್ಷಸರನ್ನು ನಡೆಸುವುದು ಬೇಕರಿಯವನ ಪಾಲು. ಅವನ ಅತ್ತಿಗೆಯ ಪಾತ್ರ ಕತ್ತಿಯವಳು, ಡಾಕ್ಟರದ್ದು ಬಿಲ್ಲುಗಾತಿ. ಈ ಸಲ ಎದುರಾಗಿದ್ದದ್ದು ಕೊಂಬಿನ ಮೃಗ. ಅದು ನಾಲ್ಕು ಚೌಕ ನೇರವಾಗಿ ಓಡಿ ಬಂದು ಗುದ್ದಿದರೆ ಪೆಟ್ಟು ಎರಡು ಪಟ್ಟು. ದಾರಿಗೆ ಏನಾದರೂ ಅಡ್ಡ ಬಂದರೆ, ಇಲ್ಲವೇ ಓಡಲು ಜಾಗ ಸಾಲದಿದ್ದರೆ, ಆ ರಭಸವೆಲ್ಲ ಠುಸ್ಸು.

ಬಿಲ್ಲುಗಾತಿಯಲ್ಲಿ ಉಳಿದಿದ್ದದ್ದು ಕುಟುಕು ಜೀವ. ಪಾತ್ರ ಸತ್ತರೆ ಆಟಗಾರರು ಮನೆಗೆ, ಕಥೆ ಮುಗಿಯುವ ತನಕ ಈ ಕಡೆ ತಲೆ ಹಾಕುವಂತಿಲ್ಲ. ಈ ನಿಯಮ ಮಾಡಿದ ಮಹಾನುಭಾವನೂ ಬೇಕರಿಯವನೇ.

"ಅವರ ಮೇಲೆ ಬರುವಾಗ ಬಯಲು, ನನ್ನ ಮೇಲೆ ಬರುವಾಗ ಬಂಡೆ. ಇದೇನು ಕಥೆ?" ಎಂದಳು ಡಾಕ್ಟರ್.

"ಅದು... ಗುಡ್ಡಗಾಡು ನೋಡಿ."

"ಹೌದಮ್ಮಾ, ಬಂಡೆಗಳು ನಿನ್ನ ಮುಖ ನೋಡಿಯೇ ಮೊಳೀತಾವೆ," ಎಂದರು ಅತ್ತಿಗೆ. "ನನ್ನನ್ನ ಎರಡು ಸಲ ಕೆಡವಿತು ಆ ಮೃಗ, ರಸ್ಕಿನ ಪುಡಿಯೂ ಅಡ್ಡ ಬರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆ ಕಾಣಲ್ವಾ?"

ಡಾಕ್ಟರ್ ನಗಲಿಲ್ಲ. "ನನಗೆ ಆಟ ಬರಲ್ಲ ಅಂತ ಕನಿಕರ ತಾನೆ? ದಿನವಿಡೀ ಹಲ್ಲು ಕೀಳೋಳು ನಾನು, ಗಾಜಿನ ಗೊಂಬೆ ಅಲ್ಲ. ಕನಿಕರದ ಆಟ ಆದ್ರೆ ಮುಂದಿನ ವಾರದಿಂದ ಬರಲ್ಲ."

ವಾರವಿಡೀ ಬೇಕರಿಯವನು ಹಿಟ್ಟು ನಾದುತ್ತಿದ್ದದ್ದೇ ಈ ಮಧ್ಯಾಹ್ನದ ಆಸೆಗೆ. ಬಂಡೆ ಇಟ್ಟರೆ ಇವಳು ಹೋಗುತ್ತಾಳೆ. ತೆಗೆದರೆ ಬಿಲ್ಲುಗಾತಿ ಸಾಯುತ್ತಾಳೆ, ಆಗಲೂ ಇವಳೇ ಹೋಗುತ್ತಾಳೆ. ಅತ್ತ ದರಿ, ಇತ್ತ ಪುಲಿ.

ಅವನು ಬಾಯಿ ತೆರೆಯುವ ಮೊದಲೇ ಅವಳು ಕೈ ಚಾಚಿ ರಸ್ಕ್ ಎತ್ತಿಕೊಂಡು ಕರುಂ ಎಂದು ಕಡಿದಳು.

"ಬಂಡೆ ಮುಗೀತು. ಓಡಿಸಿ ನಿಮ್ಮ ಮೃಗನ."

ಓಡಿಸಿದ. ನೇರ ದಾರಿ, ನಾಲ್ಕು ಚೌಕ. ದಾಳಕ್ಕೂ ಅವನ ಮೇಲೆ ಕರುಣೆ ಬರಲಿಲ್ಲ.

"ಸತ್ತಳು," ಎಂದ.

"ಇಷ್ಟೇ ತಾನೆ? ಇದಕ್ಕೆ ಯಾಕೆ ಅಷ್ಟು ರಸ್ಕ್ ದಂಡ ಮಾಡಿದ್ರಿ?"

"ಪಾತ್ರ ಸತ್ತರೆ ನೀವು ಬರೋ ಹಾಗಿಲ್ಲ. ನಿಮ್ಮನ್ನ ನೋಡೋಕೆ ಮುಂಚೆ ಮಾಡಿದ ನಿಯಮ ಅದು." ಅವನು ಬೋರ್ಡನ್ನೇ ನೋಡುತ್ತಿದ್ದ. "ಕನಿಕರ ಅಲ್ಲ. ನೀವು ಅಂದ್ರೆ ನನಗೆ ಇಷ್ಟ. ನೀವು ಬರದಿದ್ರೆ ನನಗೆ ಭಾನುವಾರವೇ ಬೇಡ."

ಅತ್ತಿಗೆ ಎದ್ದರು. "ಒಲೆ ಆರಿಸಿದೀನಾ ನೋಡ್ಕೊಂಡು ಬರ್ತೀನಿ." ಒಲೆ ಬೆಳಿಗ್ಗೆಯೇ ಆರಿತ್ತು.

ಡಾಕ್ಟರ್ ಕುರ್ಚಿಯನ್ನು ಮೇಜು ಸುತ್ತಿಸಿ ಎಳೆದು ತಂದು ಅವನ ಮಗ್ಗುಲಲ್ಲೇ ಹಾಕಿಕೊಂಡಳು. ಮೊಣಕೈಗೆ ಮೊಣಕೈ ತಾಗಿತು.

"ಸತ್ತವರು ಆಡಬಾರದು, ಸರಿ. ಮೃಗದ ಪಕ್ಕ ಕೂರಬಾರದು ಅಂತ ನಿಯಮ ಇದೆಯಾ?"

"ಇಲ್ಲ."

"ಅದಕ್ಕೆ ಓಡೋಕೆ ನಾಲ್ಕು ಚೌಕ ಬೇಕಲ್ವಾ?"

"ಬೇಕು."

"ಇಲ್ಲಿ ಒಂದೂ ಇಲ್ಲ. ನನಗೇನು ಭಯ," ಎಂದು ಉಳಿದರ್ಧ ರಸ್ಕನ್ನು ಅವನ ಕೈಗಿಟ್ಟಳು.

ತನ್ನ ಬೇಕರಿಯ ರಸ್ಕ್ ಅಷ್ಟು ಚೆನ್ನಾಗಿರುತ್ತದೆಂದು ಬೇಕರಿಯವನಿಗೆ ಅವತ್ತೇ ಗೊತ್ತಾಗಿದ್ದು.